ಕಾಕಾನ ಎಡಗಾಲಿನ ಅಳತೆ

ಕಾಕಾ ತೀರಿಕೊಂಡರೆಂದು ಅವರ ಮಗಳು ಅಂಧೇರಿಯಿಂದ ಫೋನ್ ಮಾಡಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಸರಿಯಾಗಿ ನೋಡಿದ್ದಾರಾ?" ಎಂಬುದು. ಅವಳು ಅಳುವಿನ ನಡುವೆಯೇ ನಕ್ಕು, "ಅಂಕಲ್, ಪಪ್ಪಾ ಇದ್ದಿದ್ರ ಅವರೂ ಯಹೀ ಕೇಳ್ತಿದ್ರು," ಎಂದಳು. ಇಬ್ಬರು ಡಾಕ್ಟರು ಬಂದು ನೋಡಿದ್ದಾರೆ ಎಂದೂ ಸೇರಿಸಿದಳು. ಒಬ್ಬರ ಮಾತು ಸಾಲದು ಎಂಬುದನ್ನು ಆ ಮನೆಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಫೋನ್ ಇಟ್ಟ ಮೇಲೆ ನನಗೆ ನಾಚಿಕೆಯಾಯಿತು. ಸಾವಿನ ಸುದ್ದಿಯನ್ನೂ ತಿರುಗಿಸಿ ಮುರುಗಿಸಿ ನೋಡುವ ಈ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಹತ್ತೊಂಬತ್ತು ವರ್ಷ ಅವರ ಕೈಕೆಳಗೆ ದುಡಿದು ಅಂಟಿಸಿಕೊಂಡದ್ದು.

ವಿಕ್ರೋಳಿಯಲ್ಲಿ ದೊಡ್ಡ ಕಂಪನಿಗಳ ಮಗ್ಗುಲಲ್ಲಿ ಸಣ್ಣ ಸಣ್ಣ ವರ್ಕ್‌ಶಾಪುಗಳು ಆಗ ಬೇಕಾದಷ್ಟಿದ್ದವು. ನಮ್ಮದು ಅಂಥದೊಂದು. ನೀರಿನ ಪೈಪಿಗೆ ಕೂರಿಸುವ ಬಾಲ್ ವಾಲ್ವ್ ಮಾಡುತ್ತಿದ್ದೆವು. ಅದರೊಳಗೆ ಒಂದು ಉಕ್ಕಿನ ಗುಂಡು, ಆ ಗುಂಡು ಕೂತು ತಿರುಗಲು ಬಟ್ಟಲಿನಂಥ ಒಂದು ಸೀಟು. ಎರಡರ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ನೀರು ಸೋರುತ್ತದೆ. ಅದನ್ನು ಹಿಡಿಯುವವರು ನಾವು, ಇನ್‌ಸ್ಪೆಕ್ಷನ್‌ನವರು. ನಾವು ಒಟ್ಟು ನಾಲ್ಕು ಜನ. ಹಿರಿಯರು ಕಾಕಾ, ಬಾಗಲಕೋಟೆ ಕಡೆಯವರು. ಅವರ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗಿತ್ತು. ಮರಾಠಿಯವರಿಗೂ, ಯು.ಪಿ. ಕಡೆಯವರಿಗೂ, ನಮಗೂ ಅವರು ಕಾಕಾ. ನಾನು ಕುಂದಾಪುರದವನು. ಅದನ್ನು ಎಷ್ಟು ಸಲ ತಿದ್ದಿದರೂ ಅವರಿಗೆ ನಾನು 'ಉಡುಪಿ'.

"ಘಟ್ಟದ ಕೆಳಗಿನವರೆಲ್ಲಾ ಉಡುಪಿನ," ಎನ್ನುತ್ತಿದ್ದರು. "ಸಾರಿಗೆ ಬೆಲ್ಲಾ ಹಾಕೋ ಮಂದೀನ್ನ ನಾ ಹಗುರಕ್ಕ ನಂಬಂಗಿಲ್ಲ."

ಅವರ ವೇದವಾಕ್ಯ ಒಂದೇ: "ಮಾಡಿದಾವ ನೋಡಬಾರದು, ನೋಡಿದಾವ ಮಾಡಬಾರದು." ಲೇಥ್ ಮೇಲೆ ಗುಂಡು ತಿರುವಿದವನು ತಾನಾಗಿ ಬಂದು "ಸಬ್ ಬರೋಬರ್ ಹೈ ಕಾಕಾ" ಅಂದರೆ ಮುಗಿಯಿತು, ಆ ಗುಂಡಿನ ಮೇಲೆ ಅವರ ಅನುಮಾನ ಎರಡು ಪಟ್ಟಾಗುತ್ತಿತ್ತು. ಸಂಶಯ ಬಂದ ಮಾಲು ಹಳದಿ ಟ್ರೇಗೆ ಹೋಗುತ್ತಿತ್ತು. ಹಳದಿ ಟ್ರೇ ಎಂದರೆ ಹೋಲ್ಡ್. ಪಾಸೂ ಅಲ್ಲ, ರಿಜೆಕ್ಟೂ ಅಲ್ಲ. ಮೂರನೆಯವನೊಬ್ಬ ಬಂದು ಮತ್ತೆ ಅಳೆಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ, ವಾಲ್ವಿಗೆ ಹಾಕಿ ಓಡಿಸುವಂತಿಲ್ಲ. ಮಾಲೀಕರೇ ಬಂದು ಗೋಗರೆದರೂ ಕಾಕಾ ಆ ಟ್ರೇ ಅಲುಗಿಸುತ್ತಿರಲಿಲ್ಲ.

ಈ ಸಂಶಯ ವರ್ಕ್‌ಶಾಪಿನ ಗೇಟಿಗೆ ಮುಗಿಯುವಂಥದ್ದಲ್ಲ. ನಾವಿಬ್ಬರೂ ಸಯನ್‌ನಲ್ಲಿ ಎರಡು ಗಲ್ಲಿ ಅಂತರದಲ್ಲಿ ಇದ್ದವರು, ಬೆಳಿಗ್ಗೆ ಒಂದೇ ಲೋಕಲ್ ಹಿಡಿಯುತ್ತಿದ್ದೆವು. ಬರುವ ಗಾಡಿ ಕುರ್ಲಾಕ್ಕೇ ನಿಂತುಬಿಡುವುದೋ, ಮುಂದೆ ಠಾಣೆಯ ತನಕ ಹೋಗುವುದೋ ಎಂದು ಇಂಡಿಕೇಟರಿನಲ್ಲಿ ಎದ್ದು ಕಾಣುತ್ತಿದ್ದರೂ ಕಾಕಾ ಪಕ್ಕದವನನ್ನು ಕೇಳುವರು. ಅವನು "ಠಾಣಾ ಹೈ" ಎಂದರೆ ಇನ್ನೊಬ್ಬನನ್ನು ಕೇಳುವರು. ಅವನೂ ಅದನ್ನೇ ಹೇಳಿದರೆ ನನ್ನ ಕಡೆ ತಿರುಗಿ, "ಇಬ್ರೂ ಅದ ಇಂಡಿಕೇಟರ್ ನೋಡೇ ಹೇಳ್ಯಾರ, ಏನ್ ಉಪಯೋಗ?" ಎಂದು ಗೊಣಗುವರು. ಅಷ್ಟರಲ್ಲಿ ಗಾಡಿ ಹೊರಟಿರುತ್ತಿತ್ತು. ಅವರಿಂದಾಗಿ ನನಗೆ ತಿಂಗಳಿಗೆ ಮೂರು ದಿನವಾದರೂ ಲೇಟ್ ಮಾರ್ಕ್ ಬೀಳುತ್ತಿತ್ತು.

ಅವರ ಹೆಂಡತಿಗೆ ನಾನು ಕಾಕೂ ಎನ್ನುತ್ತಿದ್ದೆ. ಆಕೆ ಒಮ್ಮೆ ಹೇಳಿದ್ದು: "ಲಗ್ನ ಆಗಿ ಇಷ್ಟ ವರ್ಷ ಆತು, ಇನ್ನೂ ಚಾ ಕೊಟ್ರ ಒಂದ್ ಗುಟುಕು ಕುಡದು ನನ್ನ ಮಾರಿ ನೋಡ್ತಾರ, ಸಕ್ರಿ ಹಾಕೀನೋ ಇಲ್ಲೋ ಅಂತ. ನಾನೂ ಅವರ ಮಾರೀನ ನೋಡ್ತೇನಿ. ಹಿಂಗ ಸಂಸಾರ ಆತು ನೋಡು." ಆಕೆ ಇದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ, ಯಾಕೆಂದರೆ ನನ್ನ ಹೊಟ್ಟೆಯುರಿ ಬೇರೆಯೇ ಇತ್ತು.

ನಾನು ಪಾಸ್ ಮಾಡಿದ ಮಾಲನ್ನು ಕಾಕಾ ದಿನಾ ಮತ್ತೊಮ್ಮೆ ಅಳೆಯುತ್ತಿದ್ದರು. ಉಳಿದಿಬ್ಬರದು ವಾರಕ್ಕೊಮ್ಮೆ, ನನ್ನದು ದಿನಾ. ನನ್ನ ಟ್ರೇಯಿಂದ ಐದು ಗುಂಡು ಎತ್ತಿ, ಬೆಳಕಿಗೆ ಹಿಡಿದು, ಮೈಕ್ರೋಮೀಟರಿನ ಬಾಯಿಗೆ ಕೊಟ್ಟು, ತುಟಿಯಲ್ಲೇ ಅಂಕಿ ಹೇಳಿಕೊಂಡು ವಾಪಸ್ ಇಡುವರು. ತಪ್ಪು ಸಿಕ್ಕದ್ದು ಕಡಿಮೆ. ಸಿಗದಿದ್ದರೂ "ಚಲೋ ಐತಿ" ಎಂಬ ಮಾತು ಆ ಬಾಯಿಂದ ಬಂದದ್ದಿಲ್ಲ. ಒಮ್ಮೆ ತಡೆಯಲಾರದೆ, "ಕಾಕಾ, ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ನಿಮಗೆ?" ಎಂದು ಕೇಳಿಯೇಬಿಟ್ಟೆ. "ನಂಬೂದು ಗುಡ್ಯಾಗ. ಇಲ್ಲಿ ನೋಡೂದು," ಎಂದು ಆರನೇ ಗುಂಡು ಎತ್ತಿಕೊಂಡರು. ಈ ಮನುಷ್ಯ ನನ್ನನ್ನು ಕಳ್ಳನ ಹಾಗೆ ನೋಡುತ್ತಾನೆ ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಅವರು ರಿಟೈರಾದರು. ಕೆಲವು ವರ್ಷದ ಮೇಲೆ ವರ್ಕ್‌ಶಾಪೂ ಮುಚ್ಚಿತು, ನಾನೂ ಮನೆಗೆ ಬಂದೆ. ಬಿಟ್ಟುಹೋಗಬೇಕಾಗಿದ್ದ ನಂಟು ಬಿಡಲಿಲ್ಲ. ಭಾನುವಾರ ಬಂದರೆ ಕಾಲು ತಾನಾಗಿ ಅವರ ಬಿಲ್ಡಿಂಗಿನ ಕಡೆ ಹೋಗುತ್ತಿತ್ತು. ಬೈಸಿಕೊಂಡು ಅಭ್ಯಾಸವಾದವನಿಗೆ ಬೈಯುವವರು ಇಲ್ಲದಿದ್ದರೆ ಊಟ ಸೇರುವುದಿಲ್ಲ.

ಎಪ್ಪತ್ತರ ಹತ್ತಿರ ಬಂದಾಗ ಕಾಕಾ ಎಡಗಾಲು ಎಳೆಯತೊಡಗಿದರು. ಮೊದಲ ಸಂಶಯ ಚಪ್ಪಲಿಯ ಮೇಲೆ ಬಿತ್ತು. ಮೂರು ಜೊತೆ ಬದಲಾಯಿಸಿದರು. ಆಮೇಲೆ ಬಿಲ್ಡಿಂಗಿನ ಮೆಟ್ಟಿಲುಗಳ ಮೇಲೆ. ಸೊಸೈಟಿಯವರು ರಿಪೇರಿ ಮಾಡಿಸಿದ ಮೇಲೆ ಒಂದು ಮೆಟ್ಟಿಲಿನ ಹಾಗೆ ಇನ್ನೊಂದಿಲ್ಲ ಎಂದು ಟೇಪು ಹಿಡಿದು ಸೆಕ್ರೆಟರಿಗೆ ತೋರಿಸಿದರು. ಅದು ನಿಜವೂ ಆಗಿತ್ತು. ಆದರೆ ತೊಡೆಸಂದಿಯ ನೋವು ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಬಿಡದಾದಾಗ ಮೆಟ್ಟಿಲನ್ನು ದೂರುವಂತಿರಲಿಲ್ಲ. ಎಕ್ಸ್‌ರೇ ಆಯಿತು. ಆ ಫಿಲ್ಮನ್ನು ಅವರೇ ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಕರೆದರು.

"ನೋಡಿಲ್ಲೆ ಉಡುಪಿ. ಗುಂಡು ಸವದೈತಿ. ಸೀಟೂ ಹೋಗೈತಿ."

ಅವರ ಜೀವನದಲ್ಲಿ ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡ ಡಯಾಗ್ನೋಸಿಸ್ ಅದೊಂದೇ ಇರಬೇಕು. ತಮ್ಮ ಕಣ್ಣಾರೆ ನೋಡಿದ್ದರಲ್ಲ. ಒಪ್ಪದೆ ಉಳಿದದ್ದು ಮುಂದಿನ ಮಾತು: ಹಳೆಯ ಗುಂಡು ತೆಗೆದು ಹೊಸದು ಕೂರಿಸುವುದು. "ಹಳೇದು ದೇವರ ಮಾಡಿದ್ದು, ಎಪ್ಪತ್ತು ವರ್ಷ ಬಂತು. ಇದನ್ನ ಯಾರ್ ಮಾಡ್ಯಾರ? ಯಾರ್ ನೋಡ್ಯಾರ? ಒಳಗ ಕುಂತ ಮ್ಯಾಲೆ ನಾ ಹೆಂಗ ತಗದು ನೋಡ್ಲಿ?"

ಒಂದು ವರ್ಷ ಈ ಪ್ರಶ್ನೆಯಲ್ಲೇ ಹೋಯಿತು. ಮೂವರು ಡಾಕ್ಟರುಗಳ ಹತ್ತಿರ ಹೋದೆವು, ಮೂರು ಸಲವೂ ಜೊತೆಗೆ ನಾನಿದ್ದೆ. ಮೊದಲನೆಯವರು ಎರಡು ನಿಮಿಷ ನೋಡಿ, ತಡಮಾಡಬೇಡಿ ಎಂದರು. "ಅವಸರ ಮಾಡ್ತಾನ. ಏನೋ ಮುಚ್ಚಿಡ್ತಾನ," ಎಂದರು ಕಾಕಾ. ಎರಡನೆಯವರು ಇನ್ನೊಂದಿಷ್ಟು ದಿನ ನೋಡೋಣ ಎಂದರು. "ಇವಂಗ ಕೆಲಸ ಬರಂಗಿಲ್ಲ." ಮೂರನೆಯವರು ಗುಜರಾತಿ, ಮಾತು ಕಡಿಮೆ. ಅವರ ಮೇಜಿನ ಮೇಲೆ ತೋರಿಸಲೆಂದು ಇಟ್ಟ ಒಂದು ಸೊಂಟದ ಕೀಲು ಇತ್ತು. ಕಾಕಾ ಕೇಳದೆಯೇ ಅದನ್ನು ಎತ್ತಿಕೊಂಡರು. ಜೇಬಿನಿಂದ ಭೂತಗನ್ನಡಿ ತೆಗೆದು ಗುಂಡಿನ ಮೈಯನ್ನು ನೋಡಿದರು. ಬಟ್ಟಲಲ್ಲಿ ಕೂರಿಸಿ ಕಿವಿಯ ಹತ್ತಿರ ಹಿಡಿದು ತಿರುಗಿಸಿದರು. ಹೊರಗೆ ಪೇಷಂಟುಗಳು ಸಾಲುಗಟ್ಟಿದ್ದರು. ನಾನು ಡಾಕ್ಟರ ಮುಖ ನೋಡಲು ಧೈರ್ಯವಾಗದೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ಯೇ ಮೇರೇ ಮರನೇ ತಕ್ ಚಲೇಗಾ?" ಎಂದು ಕೇಳಿದರು ಕಾಕಾ, ತಾವು ಸಾಯುವ ತನಕ ಅದು ಬಾಳಿಕೆ ಬರುತ್ತದೆಯೇ ಎಂದು.

"ಗೊತ್ತಿಲ್ಲ," ಎಂದರು ಡಾಕ್ಟರು, ಹಿಂದಿಯಲ್ಲೇ. "ನೀವು ಎಷ್ಟು ದಿನ ಇರ್ತೀರಿ ಅಂತ ನೀವು ಹೇಳಿ, ಆಗ ನಾನು ಇದರ ಬಗ್ಗೆ ಹೇಳ್ತೇನೆ."

ಕಾಕಾ ಕೀಲನ್ನು ಮೇಜಿನ ಮೇಲೆ ಇದ್ದಲ್ಲೇ ಇಟ್ಟರು. ರಿಕ್ಷಾದಲ್ಲಿ ಕೂತ ಮೇಲೆ ಹೇಳಿದರು: "ಗೊತ್ತಿಲ್ಲ ಅನ್ನಾಕ ಧೈರ್ಯ ಬೇಕು. ಮಾಡಿಸಿದ್ರ ಇವನ ಕಡೆ." ಮಾಡಿಸಿದರೆ ಎಂದರೇ ಹೊರತು ಮಾಡಿಸುತ್ತೇನೆ ಎನ್ನಲಿಲ್ಲ.

ಮಾಡಿಸುವಂತೆ ಮಾಡಿದವರು ಕಾಕೂ. ಲಿಫ್ಟಿಲ್ಲದ ಬಿಲ್ಡಿಂಗಿನ ಮೂರನೇ ಮಾಳಿಗೆ. ಅಷ್ಟು ಹೊತ್ತಿಗೆ ಕಾಕಾ ಕೆಳಗಿಳಿಯುವುದೇ ನಿಂತಿತ್ತು. ಬಾತ್‌ರೂಮಿಗೂ ಹೆಂಡತಿಯ ಹೆಗಲು ಬೇಕಿತ್ತು. ಒಂದು ಬೆಳಿಗ್ಗೆ ಅವರ ಭಾರ ತಡೆಯಲಾರದೆ ಆಕೆ ಒದ್ದೆ ನೆಲದ ಮೇಲೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅಂಧೇರಿಯಿಂದ ಓಡಿಬಂದ ಮಗಳು ಕಡ್ಡಿ ಮುರಿದ ಹಾಗೆ ಹೇಳಿದಳು: ಒಂದೋ ಆಪರೇಶನ್ ಮಾಡಿಸಿ ಪಪ್ಪಾ ತಮ್ಮ ಕಾಲ ಮೇಲೆ ಓಡಾಡಬೇಕು, ಇಲ್ಲವೋ ಈ ಮನೆಗೆ ಬೀಗ ಹಾಕಿ ಇಬ್ಬರೂ ಅಂಧೇರಿಗೆ ಬರಬೇಕು, ಅಲ್ಲಿ ಲಿಫ್ಟ್ ಇದೆ. ಕಾಕೂ ನನ್ನನ್ನು ಬಾಗಿಲ ತನಕ ಬಿಡಲು ಬಂದಾಗ, "ನಲವತ್ತು ವರ್ಷದಿಂದ ಈ ಬಿಲ್ಡಿಂಗಿನ ಹೆಣಮಕ್ಕಳ ಜೋಡಿ ಮೆಟ್ಟಲ ಮ್ಯಾಲೆ ಕುಂತು ಮೆಂತೆ ಸೋಸೀನಿ. ಅಲ್ಲಿ ನಾ ಯಾರ್ನ ಮಾತಾಡಸಲಿ?" ಎಂದರು. ಪ್ಲಾಸ್ಟರ್ ಹಾಕಿದ ಕೈಯಿಂದಲೇ ಕಣ್ಣೊರೆಸಿಕೊಂಡರು.

ಅದು ಒಳಗೆ ಕೇಳಿಸಿತೋ ಏನೋ. ಆ ಸಂಜೆಯೇ ಕಾಕಾ ಮಗಳಿಗೆ "ತಾರೀಖು ತಗೋ" ಎಂದರಂತೆ.

ಆಪರೇಶನ್ನಿನ ಬೆಳಿಗ್ಗೆ ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದೆ. ಮಲಯಾಳಿ ಸಿಸ್ಟರ್ ಒಬ್ಬಳು ಧಾವಿಸಿ ಬಂದು, "ಆಪ್ ಕನ್ನಡಾ ವಾಲೇ ಹೈ ನಾ? ಜಲ್ದೀ ಆಯಿಯೇ," ಎಂದು ಕರೆದೊಯ್ದಳು. ಹೋಗಿ ನೋಡುತ್ತೇನೆ, ಕಾಕಾ ಮಾರ್ಕರ್ ಪೆನ್ನಿನಿಂದ ತಮ್ಮ ಎರಡೂ ತೊಡೆಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಎಡಕ್ಕೆ, 'ಕೆಟ್ಟದ್ದು ಇದು.' ಬಲಕ್ಕೆ, 'ಇದು ಸರಿ ಐತಿ, ಮುಟ್ಟಬ್ಯಾಡ್ರಿ.' ಅಚ್ಚ ಕನ್ನಡದಲ್ಲಿ. ಅಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರಿಗೂ ಅದು ಓದಲು ಬರುತ್ತಿರಲಿಲ್ಲ. ಎರಡೂ ಕಾಲಿನ ಮೇಲೆ ಬರಹ ಕಂಡು ಅವರಿಗೆ ಇಲ್ಲದ ಗೊಂದಲ ಹುಟ್ಟಿತ್ತು. ನಾನು ಓದಿ ಹೇಳಿದೆ. ಡಾಕ್ಟರು ಬಂದು ಎಲ್ಲ ಒರೆಸಿಹಾಕಿ, ಎಡ ತೊಡೆಯ ಮೇಲೆ ತಾವೇ ಒಂದು ಬಾಣದ ಗುರುತು ಹಾಕಿದರು.

"ನೋಡು," ಎಂದರು ಕಾಕಾ ನನಗೆ ಮೆತ್ತಗೆ. "ಮಾಡಾವ ತಾನ ಗುರುತು ಹಾಕ್ಕೊಂಡ, ನೋಡಾವ ಯಾರು?" ಒಳಗೆ ಒಯ್ಯುವ ತನಕ ಆ ಬಾಣದ ಮೇಲಿನಿಂದ ಅವರ ಕಣ್ಣು ಸರಿಯಲಿಲ್ಲ.

ಆಪರೇಶನ್ ಸುಸೂತ್ರವಾಯಿತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಐದನೇ ದಿನ ಇಬ್ಬರು ಗಟ್ಟಿ ಆಳುಗಳು ಕುರ್ಚಿಯ ಸಮೇತ ಮೂರು ಮಾಳಿಗೆ ಹೊತ್ತು ತಂದರು. ನಿಯಮಗಳ ಪಟ್ಟಿ ಗೋಡೆಗೆ ಅಂಟಿತು: ಸೊಂಟದಿಂದ ಮುಂದಕ್ಕೆ ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನಲ್ಲಿ ಕೂರಬಾರದು, ಮಲಗುವಾಗ ಕಾಲುಗಳ ನಡುವೆ ದಿಂಬು. ದಿನಾ ಒಬ್ಬಳು ಮರಾಠಿ ಹುಡುಗಿ ಫಿಸಿಯೋಥೆರಪಿಗೆ ಬಂದು, "ಚಲಾ ಕಾಕಾ, ಉಠಾ," ಎಂದು ಎಬ್ಬಿಸುತ್ತಿದ್ದಳು. ಹತ್ತು ದಿನ ಎಲ್ಲ ಸರಿಯಿತ್ತು. ಹಾಲಿನಿಂದ ಅಡಿಗೆಮನೆ, ಅಡಿಗೆಮನೆಯಿಂದ ಹಾಲು.

ಹನ್ನೊಂದನೇ ದಿನ ಕಾಕಾ ಎದ್ದು ಎರಡು ಹೆಜ್ಜೆ ಇಟ್ಟು ವಾಪಸ್ ಕೂತರು. "ಎಡಗಾಲ ಉದ್ದ ಆಗೈತಿ," ಎಂದರು.

ಡಾಕ್ಟರಿಗೆ ಫೋನ್ ಹೋಯಿತು. ಎಕ್ಸ್‌ರೇಯಲ್ಲಿ ಎರಡೂ ಸಮ ಇವೆ, ಎಷ್ಟೋ ದಿನದಿಂದ ಬಿಗಿದುಕೊಂಡಿದ್ದ ಸ್ನಾಯುಗಳು ಸಡಿಲವಾಗುವ ತನಕ ಹಾಗೆ ಅನ್ನಿಸುತ್ತದೆ, ನಡೆಯುತ್ತಾ ಹೋದರೆ ತಾನಾಗಿ ಸರಿಹೋಗುತ್ತದೆ ಎಂದರು. "ಮಾಡಿದಾವ ಮತ್ತೇನ್ ಹೇಳ್ತಾನ?" ಎಂದರು ಕಾಕಾ. ಫಿಸಿಯೋ ಹುಡುಗಿ ತಾನೇ ಅಳೆದು ಸಮ ಇದೆ ಎಂದಳು. "ಅವನ ಪೈಕಿ ಹುಡುಗಿ." ಕಾಕೂ ತಾನು ಅಳೆಯುತ್ತೇನೆ ಎಂದರು. "ಮನೀ ಮಂದಿ ಪ್ರೀತಿಲೆ ಅಳೀತಾರ. ಅದು ಲೆಕ್ಕಕ್ಕ ಬರಂಗಿಲ್ಲ." ತಾವೇ ಅಳೆಯೋಣವೆಂದರೆ ಬಗ್ಗುವಂತಿಲ್ಲ. ನೆಟ್ಟಗೆ ಮಲಗಿದವನಿಗೆ ತನ್ನ ಪಾದದ ಹತ್ತಿರದ ಅಂಕಿ ಕಾಣುವುದಿಲ್ಲ.

ಹೀಗಾಗಿ ಕಾಕಾ ಇಡೀ ಆಯುಷ್ಯದಲ್ಲಿ ಕಲಿತದ್ದನ್ನೇ ಮಾಡಿದರು. ಸಂಶಯ ಬಂದ ಮಾಲನ್ನು ಓಡಿಸಬಾರದು. ತಮ್ಮ ಕಾಲನ್ನು ತಾವೇ ಹಳದಿ ಟ್ರೇಯಲ್ಲಿಟ್ಟು ಮಲಗಿಬಿಟ್ಟರು. ಟ್ರೇಯಲ್ಲಿ ಹತ್ತು ದಿನ ಇದ್ದ ಗುಂಡಿಗೆ ಏನೂ ಆಗುವುದಿಲ್ಲ. ಕಾಲು ಹಾಗಲ್ಲ. ಮಾಂಸ ಇಳಿಯುತ್ತಿದೆ ಎಂದಳು ಹುಡುಗಿ. ಹೀಗೆ ಮಲಗಿದರೆ ರಕ್ತ ಹೆಪ್ಪುಗಟ್ಟುವ ಭಯವಿದೆ ಎಂದರು ಡಾಕ್ಟರು. ಮಗಳು ಅಂಧೇರಿಯಲ್ಲಿ ಇವರಿಗಾಗಿ ರೂಮು ಖಾಲಿ ಮಾಡಿಸತೊಡಗಿದಳು. ಎರಡು ವಾರದ ಮೇಲೆ ಕಾಕೂ ನನಗೆ ಫೋನ್ ಮಾಡಿದರು.

"ನೀ ಬಾ. ಉಡುಪಿಗೆ ಹೇಳು, ಅವ ಬಂದು ಅಳೀಲಿ ಅಂದಾರ."

ನಿಜ ಹೇಳುತ್ತೇನೆ, ಮೊದಲು ನನಗೆ ಆದದ್ದು ಸಂತೋಷವಲ್ಲ, ಅನುಮಾನ. ಹತ್ತೊಂಬತ್ತು ವರ್ಷ ನನ್ನ ಒಂದು ಅಂಕಿಯನ್ನೂ ಪರೀಕ್ಷಿಸದೆ ಬಿಡದವರು ಈಗ ಕರೆಯುತ್ತಾರೆಂದರೆ ಇದರಲ್ಲಿ ಏನೋ ಇದೆ. ನನ್ನ ಅಳತೆಯಲ್ಲೂ ತಪ್ಪು ಹುಡುಕಿ ಇನ್ನೊಂದು ತಿಂಗಳು ಮಲಗುವ ಉಪಾಯವೇ ಇರಬೇಕು ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಅವರು ಮಂಚದ ಮೇಲೆ ಅಂಗಾತ ಮಲಗಿದ್ದರು. ಎರಡು ವಾರಕ್ಕೇ ಮುಖ ಸಣ್ಣದಾಗಿತ್ತು. ದಿಂಬಿನ ಪಕ್ಕದಲ್ಲಿ ಅವರದೇ ಉಕ್ಕಿನ ಟೇಪು ಸಿದ್ಧವಾಗಿತ್ತು.

"ಸೊಂಟದ ಮುಂದಿನ ಎಲುಬಿನಿಂದ ಒಳಗಿನ ಕಾಲಗಣ್ಣಿನ ತನಕ. ಒಂದೊಂದು ಕಾಲು ಮೂರ್ ಮೂರ್ ಸಲ. ಎಲ್ಲಾ ಆಗೂತನಕ ಬಾಯಿ ಬಿಡಬ್ಯಾಡ."

ಅಳೆದೆ. ಬಲಗಾಲು ಮೂರು ಸಲ, ಎಡಗಾಲು ಮೂರು ಸಲ. ಆ ಮೇಲೆ ಅವರು ಹೇಳದೆಯೇ ನಾಲ್ಕನೇ ಸಲ. ಎರಡೂ ಸಮ ಇದ್ದವು. ಡಾಕ್ಟರು ಹೇಳಿದ್ದೇ ಸರಿ.

ತಲೆಯೆತ್ತಿದರೆ ಬಾಗಿಲಲ್ಲಿ ಕಾಕೂ ನಿಂತಿದ್ದರು. ಆಕೆಯ ಕೈಯ ಪ್ಲಾಸ್ಟರ್ ಆಗಷ್ಟೇ ಬಿಚ್ಚಿದ್ದರು. ಬಿಳಿಚಿಕೊಂಡ ಆ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು 'ಸಮ ಇದೆ' ಎಂದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಡಾಕ್ಟರೂ ಹಾಗೇ ಅಂದ, ಹುಡುಗಿಯೂ ಹಾಗೇ ಅಂದಳು, ಈಗ ಇವನೂ. ಎಲ್ಲ ಸೇರಿ ಮಾತಾಡಿಕೊಂಡಿದ್ದಾರೆ. ಸರಿ ಇದೆ ಎಂಬ ಮಾತನ್ನು ಅವರು ಜನ್ಮದಲ್ಲಿ ನಂಬಿದವರಲ್ಲ. ತಪ್ಪಿದೆ ಎಂಬುದನ್ನು ಮಾತ್ರ ನಂಬುತ್ತಿದ್ದರು. ನಾನು ಅಷ್ಟು ವರ್ಷದಲ್ಲಿ, ಬೈಸಿಕೊಂಡಾಗಲೂ, ಮಾಲೀಕರು ಕಣ್ಣು ಹೊಡೆದಾಗಲೂ, ಒಂದೇ ಒಂದು ಸುಳ್ಳು ಅಳತೆ ಬರೆದವನಲ್ಲ. ಅದೊಂದು ಹೆಮ್ಮೆ ನನಗಿತ್ತು.

"ಎಡಗಾಲು ನಾಲ್ಕು ಎಂ.ಎಂ. ಹೆಚ್ಚಿದೆ ಕಾಕಾ," ಎಂದೆ.

ಕಾಕಾ ಫ್ಯಾನ್ ನೋಡುತ್ತಿದ್ದರು.

"ನಾಕು?"

"ನಾಲ್ಕು."

"ಮೂರೂ ಸಲ?"

"ಮೂರೂ ಸಲ."

ಇನ್ನೊಮ್ಮೆ ಅಳೆ ಎನ್ನುತ್ತಾರೆ, ಟೇಪು ಕಸಿದುಕೊಳ್ಳುತ್ತಾರೆ, ಕೆಳಗಿನ ಮನೆಯವರನ್ನು ಕರೆಸುತ್ತಾರೆ ಎಂದು ಕಾದೆ. ಅವರು ಏನೂ ಮಾಡಲಿಲ್ಲ. "ಹಂಗಂದ್ರ ನಂಗ ಹುಚ್ಚ ಹಿಡದಿಲ್ಲ," ಎಂದರು, ತಮ್ಮಷ್ಟಕ್ಕೆ ಎಂಬ ಹಾಗೆ. ಆ ಧ್ವನಿ ನಾನು ಅದುವರೆಗೆ ಕೇಳಿದ್ದಲ್ಲ. ಎರಡು ವಾರದಿಂದ ಅವರು ಸಂಶಯಪಟ್ಟದ್ದು ಡಾಕ್ಟರನ್ನು ಮಾತ್ರವಲ್ಲ, ತಮ್ಮ ತಲೆಯನ್ನೂ ಎಂದು ಆಗ ತಿಳಿಯಿತು.

"ನಾಕ್ ಎಂ.ಎಂ. ಅಂದ್ರ ಒಂದ್ ಚರ್ಮದ ತುಂಡು," ಎಂದರು ಆಮೇಲೆ, ಹಳೆಯ ಗತ್ತಿನಲ್ಲಿ. "ಬಲಗಾಲಿನ ಚಪ್ಪಲಿಗೆ ಬಡಸಿದ್ರ ಆತು. ಎಷ್ಟ್ ತಪ್ಪೈತಿ ಅಂತ ಗೊತ್ತಾದ ಮ್ಯಾಲೆ ಅಂಜಿಕಿ ಯಾತಕ್ಕ? ವಾಕರ್ ಇತ್ತ ತಾ."

ಅಂದೇ ಎದ್ದರು. ಮರುದಿನ ಮೆಟ್ಟಿಲ ಮೇಲೆ ಸಿಕ್ಕ ಫಿಸಿಯೋ ಹುಡುಗಿಗೆ ನಾನು ನಡೆದದ್ದನ್ನು ಹೇಳಿದೆ. ಮೊದಲು ಬೈದಳು. ಆಮೇಲೆ ತೆಳ್ಳಗಿನ ಚರ್ಮದಿಂದ ಕೇಡೇನಿಲ್ಲ, ಸದ್ಯ ನಡೆಯಲಿ, ಡಾಕ್ಟರಿಗೆ ತಾನೇ ಹೇಳುತ್ತೇನೆ, ಮನೆಯಲ್ಲಿ ಹೇಳುವುದಿಲ್ಲ ಎಂದಳು. ವಾಕರ್ ಹೋಗಿ ಕೋಲು ಬಂತು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಶನ್ ಆದ ಕಾಲು ಮೊದಲು ಎಂದು ಅವಳು ಕಲಿಸಿದಳು. ಕಾಕಾ ಅದನ್ನು ಒಮ್ಮೆ ತಿರುಗಾಮುರುಗಾ ಮಾಡಿ ನೋಡಿ, ನೋವಾದ ಮೇಲೆ ಒಪ್ಪಿದರು. ಎರಡೂವರೆ ತಿಂಗಳಿಗೆ ಮೂರು ಮಾಳಿಗೆ ಇಳಿದು ಕಾಂಪೌಂಡಿಗೆ ಬಂದರು. ಅಂಧೇರಿಯ ಮಾತು ಅಲ್ಲಿಗೆ ನಿಂತಿತು. ಕಾಕೂ ಮತ್ತೆ ಮೆಟ್ಟಿಲ ಮೇಲೆ ಮೆಂತೆ ಸೋಸಿದರು. ಅದಾದ ಮೇಲೆ ಏಳು ವರ್ಷ ಅವರು ಆ ಕಾಲಿನಲ್ಲಿ ನಡೆದರು.

ಆ ಏಳು ವರ್ಷ ನನಗೆ ನೆಮ್ಮದಿಯಿರಲಿಲ್ಲ. ಪ್ರತಿ ಭಾನುವಾರ ಹೋದೊಡನೆ ನನ್ನ ಕಣ್ಣು ಬೀಳುತ್ತಿದ್ದದ್ದು ಅವರ ಬಲಗಾಲಿನ ಚಪ್ಪಲಿಯ ಮೇಲೆ. ಅಲ್ಲಿ ಆ ಚರ್ಮದ ಪಟ್ಟಿ ಇರುತ್ತಿತ್ತು. ಇಲ್ಲದ ತಪ್ಪಿಗೆ ಹಾಕಿಸಿದ ತೇಪೆ. ಅವರು ಸೊಂಟಕ್ಕೆ ಕೈಕೊಟ್ಟು ಎದ್ದರೆ, ನನ್ನ ಸುಳ್ಳೇ ಇವರ ಬೆನ್ನು ಹಾಳು ಮಾಡುತ್ತಿದೆಯೇ ಎಂದು ಅಂಜುತ್ತಿದ್ದೆ. "ಈಗ ಅದನ್ನು ತೆಗೆದು ನೋಡಿ ಕಾಕಾ," ಎಂದು ಎರಡು ಮೂರು ಸಲ ಹೇಳಿದ್ದೆ. "ಯಾಕ? ನೀನ ಅಳದೀಯಲ್ಲ," ಎಂದು ನನ್ನ ಮುಖ ನೋಡಿ ಮೀಸೆಯಲ್ಲೇ ನಗುತ್ತಿದ್ದರು. ಅವರಿಗೆ ಗೊತ್ತಾಗಿದೆ, ನಾನೇ ಬಾಯಿಬಿಡಲೆಂದು ಕಾಯುತ್ತಿದ್ದಾರೆ ಎನ್ನಿಸುತ್ತಿತ್ತು. ಆ ನಗುವಿನ ಒಳಗೆ ಏನಿದೆ ಎಂದು ಹುಡುಕುತ್ತಾ ಎಷ್ಟು ಭಾನುವಾರ ಕಳೆದೆನೋ. ಬಾಯಿ ಮಾತ್ರ ಬಿಡಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಎಲ್ಲ ಮುಗಿದು ನಾಲ್ಕು ದಿನ ಬಿಟ್ಟು ಕಾಕೂ ಒಬ್ಬರೇ ಇರುವ ಹೊತ್ತು ನೋಡಿ ಹೋದೆ. ಅವರಿಗೆ ಹೇಳಲಾಗದ್ದನ್ನು ಇವರಿಗಾದರೂ ಹೇಳಿ ಹಗುರವಾಗಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ನಾನು ಶುರುಮಾಡುವ ಮೊದಲೇ ಆಕೆ ಮಾತೆತ್ತಿದರು.

"ನಿನಗೊಂದ್ ಮಾತ ಹೇಳೂದೈತಿ. ಅವರು ಇರೂತನಕ ಹೇಳಬ್ಯಾಡ ಅಂದಿದ್ರು. ಮೂರ್ ತಿಂಗಳಾದ ಮ್ಯಾಲೆ ಡಾಕ್ಟರ್ ಬಗ್ಗಬಹುದು ಅಂದ್ರಲ್ಲ, ಅವತ್ತ ನನ್ನ ಕಡೆ ಟೇಪಿನ ತುದಿ ಹಿಡಿಸಿ ತಾವ ಅಳದ್ರು. ಐದ್ ಸಲ ಅಳದ್ರು. ಎರಡೂ ಕಾಲ ಬರೋಬರಿ ಒಂದ ಅಳತಿ ಇದ್ದುವು."

ಆಕೆ ಮಾತು ಮುಂದುವರಿಸಿದರು.

"ನಾ ಅಂದೆ, ಹಂಗಾರ ಉಡುಪಿ ಸುಳ್ಳ ಹೇಳ್ಯಾನೇನು ಅಂತ. ಸಿಟ್ಟಿಗೆದ್ದುಬಿಟ್ರು ನೋಡು. 'ಯಾರರೆ ಹೇಳ್ಯಾರು, ಅವ ಸುಳ್ಳ ಹೇಳೂ ಮನಷ್ಯಾ ಅಲ್ಲ. ಅವನ ಕಣ್ಣ ಸೋತಾವ, ಅಂಕಿ ತಪ್ಪಿ ಓದ್ಯಾನ. ಅವನ ಮುಂದ ಆಡಬ್ಯಾಡ, ಮನಸಿಗೆ ಹಚ್ಕೊಂತಾನ,' ಅಂದ್ರು. ಮರದಿನಾನ ಬ್ಯಾರೆ ಚಪ್ಪಲಿ ತಂದ್ರು. ಚರ್ಮದ್ದು ಐತಲ್ಲ, ಅದನ್ನ ಐತವಾರ ಅಷ್ಟ, ನೀ ಬರೂ ಹೊತ್ತಿಗೆ ಹಾಕ್ಕೊಂಡು ಕೂಡ್ತಿದ್ರು."

ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಹೆಂಡತಿಯ ಚಹಾವನ್ನೂ, ಸ್ಟೇಷನ್ನಿನ ಇಂಡಿಕೇಟರನ್ನೂ, ದೇವರು ಮಾಡಿದ್ದು ಬಿಟ್ಟು ಉಳಿದ ಸಕಲವನ್ನೂ ಸಂಶಯದಿಂದ ನೋಡಿದ ಆ ಮನುಷ್ಯನಿಗೆ, ಕೈಯಲ್ಲಿ ಪುರಾವೆ ಹಿಡಿದು ಕೂತಾಗಲೂ, ನಾನು ಸುಳ್ಳು ಹೇಳಿರಬಹುದು ಎಂದು ಹೊಳೆಯಲಿಲ್ಲ. ಅವರು ನನ್ನನ್ನು ಕಳ್ಳನ ಹಾಗೆ ನೋಡುತ್ತಾರೆಂದು ನಾನು ಹತ್ತೊಂಬತ್ತು ವರ್ಷ ಕೊರಗಿದ್ದೆ. ಹೇಳಬೇಕೆಂದು ತಂದ ಮಾತು ಬಾಯಿಯ ತುದಿಯಲ್ಲೇ ಇತ್ತು. ಹೇಳಿದರೆ ನಾನು ಹಗುರವಾಗುತ್ತಿದ್ದೆ. ಆದರೆ ಅವರು ಜಗತ್ತಿನಲ್ಲಿ ಕಣ್ಣುಮುಚ್ಚಿ ನಂಬಿದ್ದ ಒಂದೇ ಒಂದು ಸಂಗತಿ ತಪ್ಪಾಗಿತ್ತೆಂದು ಅವರ ಹೆಂಡತಿಗೆ ಗೊತ್ತಾಗುತ್ತಿತ್ತು.

ಕಾಕೂ ನನ್ನ ಮುಖವನ್ನೇ ನೋಡುತ್ತಿದ್ದರು. "ಖರೇನ ತಪ್ಪಿ ಓದಿದ್ದೇನು?" ಎಂದು ಕೇಳಿದರು.

"ಹೌದು ಕಾಕೂ," ಎಂದೆ. "ಆಗ ನನ್ನ ಚಷ್ಮಾದ ನಂಬರು ಬದಲಾಗಿತ್ತು. ನಾನು ನೋಡಿಕೊಂಡಿರಲಿಲ್ಲ."